ಯಲವಿಗಿಯ ದಾನವ್ವನ ಬಲಗೈ

ಬಳೆ ಇಡಿಸುವಾಗ ದಾನವ್ವ ಒಂದು ಕ್ಷಣವೂ ಬಾಯಿ ಮುಚ್ಚುತ್ತಿರಲಿಲ್ಲ. ಶಿಗ್ಗಾಂವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಎದುರಿನವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ ಒತ್ತಿ ಅಂಗೈಯನ್ನು ಮಡಿಸುವಳು. ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಸವಣೂರಿನಲ್ಲಿ ವೀಳ್ಯದೆಲೆ ಹೇಗೆ ಮಾರಿತು ಎಂಬುದೆಲ್ಲ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಬಳೆ ಗಂಟು ದಾಟಿ ಮಣಿಕಟ್ಟಿಗೆ ಬಂದಿರುತ್ತಿತ್ತು. ನೋವು ಗೊತ್ತಾಗುತ್ತಿರಲಿಲ್ಲ. ನಮ್ಮ ಅವ್ವ ಬೇರೆ ಯಾವ ಬಳೆಗಾರರನ್ನೂ ಹೊಸ್ತಿಲ ಒಳಗೆ ಕರೆಯಲಿಲ್ಲ.

ಆ ಬಲಗೈ ಆರೇಳು ತಿಂಗಳ ಮಟ್ಟಿಗೆ ಸತ್ತಂತಾಗಿ ಮತ್ತೆ ಬದುಕಿದ ಕೈ ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. ತಿಳಿದ ಮೇಲೆ ಅವಳನ್ನೇ ಕೇಳಿದೆ. ಅವಳು ಹೇಳಿದ್ದನ್ನೂ, ಅವಳ ಗಂಡ ಶಂಕ್ರಪ್ಪ ಆಗೊಮ್ಮೆ ಈಗೊಮ್ಮೆ ನಡುವೆ ಸೇರಿಸಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ದಾನವ್ವನ ಮನೆ ಯಲವಿಗಿಯಲ್ಲಿ, ರೈಲು ಸ್ಟೇಷನ್ನಿಗೆ ಕೂಗಳತೆಯ ದೂರದಲ್ಲಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಳೆಯ ಪೆಟ್ಟಿಗೆ ಬಂದಿಳಿಯುತ್ತಿತ್ತು. ಅದನ್ನು ಬಿಚ್ಚಿ, ಬಣ್ಣ ಬಣ್ಣವಾಗಿ ದಾರದಲ್ಲಿ ಪೋಣಿಸಿ ಮಲಾರ ಕಟ್ಟಿ, ಹೆಗಲಿಗೆ ಹಾಕಿಕೊಂಡು ಅವಳು ಸಂತೆಯಿಂದ ಸಂತೆಗೆ ಹೋಗುತ್ತಿದ್ದಳು. ಸವಣೂರು, ಶಿಗ್ಗಾಂವಿ, ಹಬ್ಬದ ಮುಂದೆ ಹಾನಗಲ್ಲಿನವರೆಗೂ. ಶಂಕ್ರಪ್ಪನದು ಸ್ಟೇಷನ್ನಿನಲ್ಲಿ ನೌಕರಿ. ಕಂದೀಲಿಗೆ ಎಣ್ಣೆ ಹಾಕುವುದು, ಗಾಡಿಗೆ ನಿಶಾನೆ ತೋರಿಸುವುದು, ಜೊತೆಗೆ ಟಕಟಕ ಎಂದು ಸುದ್ದಿ ಕಳಿಸುವ ತಾರಿನ ಯಂತ್ರಕ್ಕೆ ಕರೆಂಟು ಕೊಡುವ ಗಾಜಿನ ಜಾಡಿಗಳನ್ನು ತೊಳೆದು ನವಸಾಗರದ ನೀರು ತುಂಬುವುದು. ಮಾತು ಬಹಳ ಕಡಿಮೆ. ಒಬ್ಬಳೇ ಮಗಳು ಶೇಖವ್ವನನ್ನು ಹಿರೇಕೆರೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಅವನು ಪಾಳಿ ಮುಗಿಸಿ ಬರುವ ಹೊತ್ತಿಗೆ ಇವಳು ಸಂತೆಗೆ ಹೊರಟಿರುತ್ತಿದ್ದಳು. "ಉಂಡ್ರೇನು?" "ಹೂಂ" ಎನ್ನುವಷ್ಟರಲ್ಲಿ ಇಪ್ಪತ್ತೆರಡು ವರ್ಷ ಹೋಗಿತ್ತು.

ಮೂವತ್ತೇಳನೆಯ ಇಸವಿಯ ಕಾರ್ತೀಕದಲ್ಲಿ, ಶಿಗ್ಗಾಂವಿ ಸಂತೆಯಿಂದ ಮರಳುವಾಗ ಅವಳು ಕುಳಿತಿದ್ದ ಚಕ್ಕಡಿಯ ಎತ್ತು ಬೆದರಿತು. ಗಾಲಿ ಹಳ್ಳಕ್ಕೆ ಇಳಿದು ಚಕ್ಕಡಿ ಮಗುಚಿತು. ಅವಳು ಮಲಾರ ಬಿಡಲಿಲ್ಲ. ಎರಡೂ ಕೈಯಿಂದ ಅದನ್ನು ಎದೆಗೆ ಅಪ್ಪಿಕೊಂಡೇ ಬಿದ್ದಳು. ಬಲ ತೋಳಿನ ಎಲುಬು ಮೊಣಕೈಗಿಂತ ಸ್ವಲ್ಪ ಮೇಲೆ ಮುರಿಯಿತು. ಬಳೆಗಳೂ ಉಳಿಯಲಿಲ್ಲ.

ಎಲುಬು ಕೂಡಿಸುವ ಫಕ್ಕೀರಪ್ಪ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಒಳ್ಳೆಯ ಕೈಗುಣದವನು. ಒಂದೂವರೆ ತಿಂಗಳಿಗೆ ಕಟ್ಟು ಬಿಚ್ಚಿದಾಗ ತೋಳು ನೆಟ್ಟಗೆ ಕೂಡಿತ್ತು. ಆದರೆ ಅಂಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಲು ಹೋದರೆ ಏಳಲಿಲ್ಲ. ಬೆರಳು ಮಡಿಸಬಹುದಿತ್ತು, ಬಿಡಿಸಲಾಗುತ್ತಿರಲಿಲ್ಲ. ಫಕ್ಕೀರಪ್ಪ ಬಹಳ ಹೊತ್ತು ಆ ಕೈಯನ್ನು ಹಿಡಿದು ನೋಡಿದ.

"ಎಲುಬು ನನ್ನ ಕೆಲಸರಿ, ಅದು ಮುಗೀತು. ಇದು ನರದ ಕೆಲಸ, ನನಗ ತಿಳಿಯಾಂಗಿಲ್ಲ. ಸವಣೂರಾಗ ಗೌಸ ಡಾಕ್ಟರು ಅದಾರ, ಅವರ ಕಡೆ ಕರಕೊಂಡು ಹೋಗ್ರಿ" ಎಂದ.

ದಾನವ್ವ ಅಂದೇ ಹೊರಡಲಿಲ್ಲ. ಎರಡು ದಿನ ತಡೆದು, ಓಣಿಯ ಒಂದು ಹುಡುಗಿಯನ್ನು ಕರೆದು ಕೂಡಿಸಿ ಬಳೆ ಇಡಿಸಲು ನೋಡಿದಳು. ಬಲಗೈಗೆ ಬಳೆ ಹಿಡಿಯಲೇ ಆಗಲಿಲ್ಲ. ಒತ್ತಾಯದಿಂದ ತಳ್ಳಿದಾಗ ಬಳೆ ಚಿಟ್ಟೆಂದು ಒಡೆದು ಹುಡುಗಿಯ ಚರ್ಮ ಗೀರಿತು. "ಹೆಚ್ಚಿತು, ಹೆಚ್ಚಿತು" ಎಂದಳು ದಾನವ್ವ, ಬಳೆ ಒಡೆದಾಗ ಅನ್ನಬೇಕಾದ ಮಾತನ್ನು. ಹುಡುಗಿ ಹೋದ ಮೇಲೆ ಒಲೆಯ ಮುಂದೆ ಕುಳಿತು ಅತ್ತಳು. ಇಪ್ಪತ್ತು ವರ್ಷದಲ್ಲಿ ಅವಳ ಕೈಯಿಂದ ಯಾರಿಗೂ ರಕ್ತ ಬಂದಿರಲಿಲ್ಲ.

ಶಂಕ್ರಪ್ಪ ರಜೆ ಹಾಕಿ ಟಾಂಗಾ ಮಾಡಿಕೊಂಡು ಅವಳನ್ನು ಸವಣೂರಿಗೆ ಕರೆದೊಯ್ದ.

ಡಾಕ್ಟರ್ ಮಹಮ್ಮದಗೌಸರನ್ನು ಊರೆಲ್ಲ ಗೌಸ ಡಾಕ್ಟರ್ ಎನ್ನುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬಸರಾದ ಕಡೆ ಫೌಜಿನ ಆಸ್ಪತ್ರೆಯಲ್ಲಿ ದುಡಿದು ಬಂದವರು. ಬೆಳ್ಳಗಿನ ಗಡ್ಡ, ದಪ್ಪ ಕನ್ನಡಕ, ಮೆಲುದನಿ. ಅವರು ಒಂದು ಸೂಜಿ ತಂದು ದಾನವ್ವನ ಕಣ್ಣು ಮುಚ್ಚಿಸಿ, ಕೈಯ ಅಲ್ಲಲ್ಲಿ ಮೆಲ್ಲಗೆ ಚುಚ್ಚುತ್ತ "ಇಲ್ಲೆ? ಇಲ್ಲೆ?" ಎಂದು ಕೇಳಿದರು. ಹೆಬ್ಬೆರಳು ತೋರುಬೆರಳುಗಳ ನಡುವೆ, ಕೈಯ ಹಿಂಭಾಗದಲ್ಲಿ ಚುಚ್ಚಿದಾಗ ಅವಳು ಸುಮ್ಮನೆ ಕುಳಿತಿದ್ದಳು.

"ಚುಚ್ಚಲಿಲ್ಲೇನ್ರಿ?" ಎಂದು ಕೇಳಿದಳು.

"ಚುಚ್ಚೇನವಾ" ಎಂದರು ಡಾಕ್ಟರು. ಆಮೇಲೆ ಶಂಕ್ರಪ್ಪನ ಕಡೆ ತಿರುಗಿದರು. "ನೀ ತಾರಿನ ಕೆಲಸ ಮಾಡಾಂವ, ನಿನಗ ಲಗೂನ ತಿಳೀತದ. ಎಲುಬು ಮುರದಾಗ ಅದರ ಮಗ್ಗಲದ ನರ ಜಜ್ಜೇತಿ. ಪೂರಾ ಹರದಿಲ್ಲ ಅಂತ ನನಗ ಅನಸತದ. ಮತ್ತ ಚಿಗರತದ. ಆದರ ದಿನಕ್ಕ ಒಂದು ರಾಗಿಕಾಳಿನಷ್ಟು ಮುಂದ ಬಂದ್ರ ದೊಡ್ಡದು. ಬರೂದಕ್ಕ ತಿಂಗಳ ತಿಂಗಳ ಬೇಕು. ಅಲ್ಲೀತನಕ ಕೈಯಾಗಿನ ಖಂಡ ಕೆಲಸ ಇಲ್ಲದ ಒಣಗಿ ಹೋಗಬಾರದು."

ಕಪಾಟಿನಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ತೆಗೆದರು. ಒಳಗೆ ಸಾಲಾಗಿ ಇಪ್ಪತ್ತನಾಲ್ಕು ಸೆಲ್ಲು. ಮೇಲೆ ಅಂಕಿ ಕೆತ್ತಿದ ಹಿತ್ತಾಳೆಯ ತಿರುಗುಗುಂಡಿ. ಅದನ್ನು ಎಷ್ಟನೆಯ ಅಂಕಿಗೆ ತಿರುಗಿಸಿದರೆ ಅಷ್ಟು ಸೆಲ್ಲಿನ ಕರೆಂಟು. ಎರಡು ತಂತಿ, ತಂತಿಯ ತುದಿಗೆ ದಪ್ಪ ಉಣ್ಣೆ ಬಟ್ಟೆ ಸುತ್ತಿದ ಎರಡು ಬಿಲ್ಲೆ. ಒಂದು ಅಂಗೈಯಗಲ, ಇನ್ನೊಂದು ಬಿಲ್ಲಿಕಾಸಿನಷ್ಟು. ಚಿಕ್ಕದರ ಹಿಡಿಕೆಯಲ್ಲಿ ಒಂದು ಒತ್ತುಗುಂಡಿ. ಒತ್ತಿದರೆ ಕರೆಂಟು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಯುದ್ಧದಲ್ಲಿ ಗುಂಡು ತಗುಲಿ ಕೈ ಬಿದ್ದ ಸಿಪಾಯಿಗಳಿಗೆ ಇಂಥದನ್ನೇ ಹಿಡಿಯುತ್ತಿದ್ದೆವು ಎಂದರು.

"ಇದರಿಂದ ಕೈ ಬರತೈತೇನ್ರಿ?" ದಾನವ್ವನ ಪ್ರಶ್ನೆ.

"ಸುಳ್ಳು ಹೇಳಾಂಗಿಲ್ಲ. ಈ ಪೆಟಿಗಿ ನರ ಚಿಗರಸೂದಿಲ್ಲ. ಖಂಡಾನ ದಿನಾ ಎಬ್ಬಿಸಿ ಮಾತಾಡಸತದ, ಅಷ್ಟ. ನರ ಬರೂದು ಅಲ್ಲಾನ ಕೈಯಾಗ, ನಿಮ್ಮ ಶಿವನ ಕೈಯಾಗ."

ದಿನವೂ ಯಲವಿಗಿಯಿಂದ ಸವಣೂರಿಗೆ ಬರುವುದು ಆಗದ ಮಾತು. ಪೆಟ್ಟಿಗೆಯನ್ನು ಮನೆಗೇ ಕೊಡುತ್ತೇನೆ, ಆದರೆ ಮೂರು ದಿನ ಇಲ್ಲಿದ್ದು ಕಲಿತುಕೊಂಡು ಹೋಗಬೇಕು ಎಂದು ಡಾಕ್ಟರು ಕರಾರು ಹಾಕಿದರು. ಮೊದಲು ದಾನವ್ವನ ಎದೆಗೆ ನಳಿಗೆ ಇಟ್ಟು ಕೇಳಿದರು. ನಡೆಯುವಾಗ ಎದೆ ಡವಗುಟ್ಟುತ್ತದೆಯೇ, ಎಂದಾದರೂ ಮೂರ್ಛೆ ಬಂದಿತ್ತೇ ಎಂದು ವಿಚಾರಿಸಿದರು. ಬಸುರಿಯೇ ಎಂದೂ ಕೇಳಿದರು. ದಾನವ್ವ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಕ್ಕಳು.

"ನಗಬ್ಯಾಡವಾ. ಹಂಗೇನರ ಇದ್ರ ನಾ ಈ ಪೆಟಿಗಿ ಮುಟ್ಟಸೂದಿಲ್ಲ. ಎದಿ ಕೆಟ್ಟಾವರಿಗೂ ಇಲ್ಲ. ಎದಿ ಚಲೋ ಇದ್ದಾವರಿಗೂ ಎದಿಮ್ಯಾಲ, ಕುತಿಗಿಮ್ಯಾಲ ಇಡಾಂಗಿಲ್ಲ."

ಕಟ್ಟು ಬಿಚ್ಚಿದ ದಿನವೇ ಅವಳು ಬಲಗೈಗೆ ನಾಲ್ಕು ಹಸಿರು ಬಳೆಯನ್ನೂ, ತವರಿನ ಬೆಳ್ಳಿಯ ಬಿಲ್ವರವನ್ನೂ ಎಡಗೈಯಿಂದಲೇ ಹೇಗೋ ಏರಿಸಿಕೊಂಡಿದ್ದಳು. ಅವನ್ನು ತೆಗೆಯಬೇಕೆಂದರು ಡಾಕ್ಟರು. ಲೋಹಕ್ಕೆ ಕರೆಂಟು ತಗುಲಿದರೆ ಅಲ್ಲೇ ಸುಡುತ್ತದೆ, ಗಾಜಿನವು ಬಿಲ್ಲೆ ಇಡುವ ಜಾಗಕ್ಕೆ ಅಡ್ಡ ಬರುತ್ತವೆ. ದಾನವ್ವ ಎಡಗೈಯಿಂದ ಬಳೆ ಮುಚ್ಚಿ ಹಿಡಿದಳು. ಮುತ್ತೈದೆ, ಅದರ ಮೇಲೆ ಬಳೆಗಾರತಿ. ಬರಿಗೈಯಲ್ಲಿ ಕುಳಿತ ಹೆಂಗಸರನ್ನು ಅವಳು ಬೇಕಾದಷ್ಟು ಕಂಡಿದ್ದಳು.

ಶಂಕ್ರಪ್ಪ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಬಿಲ್ವರ ನನ್ನ ಆಯುಷ್ಯ ಕಾಯೂದಿಲ್ಲ. ನೀ ಕಾಯಾಕತ್ತಿ. ತಗಿ" ಎಂದ.

ಅವನೇ ತೆಗೆದ. ಒಂದೂ ಒಡೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈ ಅಷ್ಟು ಹೊತ್ತು ಅವರು ಹಿಡಿದದ್ದು ಅದೇ ಮೊದಲು ಎಂದು ದಾನವ್ವ ನನಗೆ ಹೇಳಿದಳು.

ಮೂರು ದಿನವೂ ಡಾಕ್ಟರು ಬಿಲ್ಲೆಯನ್ನು ಮೊದಲು ಶಂಕ್ರಪ್ಪನ ಕೈಮೇಲೆಯೇ ಇಡಿಸಿದರು. "ಹೆಂಡತಿ ಕೈಗೆ ಇಡೂ ಮೊದಲ ನಿನ್ನ ಕೈಗೆ ಇಟಗೋಬೇಕು, ದಿನಾ. ಇವತ್ತು ಪೆಟಿಗಿ ಸಿಟ್ಟಿನ್ಯಾಗ ಐತೋ, ಸಮಾಧಾನದಾಗ ಐತೋ, ನಿನಗ ಮೊದಲ ಗೊತ್ತಾಗಲಿ." ಬಟ್ಟೆ ಉಪ್ಪುನೀರಿನಲ್ಲಿ ಚೆನ್ನಾಗಿ ನೆನೆದಿರಬೇಕು, ಒಣಗಿದರೆ ಸುಡುತ್ತದೆ. ಬಿಲ್ಲೆ ಇಡುವಾಗಲೂ ತೆಗೆಯುವಾಗಲೂ ಗುಂಡಿ ಸೊನ್ನೆಯಲ್ಲಿರಬೇಕು. ಒಂದೊಂದೇ ಅಂಕಿ ಏರಿಸುತ್ತ ಖಂಡ ಹಾರಿದ ಕೂಡಲೇ ಅಲ್ಲಿಗೆ ನಿಲ್ಲಬೇಕು. ಒತ್ತುವುದು, ಬಿಡುವುದು; ಒತ್ತಿ ಹಿಡಿಯಬಾರದು. ಹತ್ತು ನಿಮಿಷಕ್ಕೆ ಮುಗಿಯಬೇಕು. ಮುಗಿದ ಮೇಲೆ ಚರ್ಮ ನೋಡಬೇಕು, ಕೆಂಪು ಉಳಿದಿದ್ದರೆ ಮರುದಿನ ಬೇಡ. ಶಂಕ್ರಪ್ಪ ಎಲ್ಲವನ್ನೂ ತಾರಿನ ಪಾಠದಂತೆ ಬಾಯಿಪಾಠ ಮಾಡಿದ.

ಯಲವಿಗಿಯಲ್ಲಿ ಮೊದಲ ದಿನ, ಬೆಳಗಿನ ಬಿಸಿಲು ಕಟ್ಟೆಯ ಮೇಲೆ ಬಂದಾಗ, ಇಬ್ಬರೂ ಎದುರುಬದುರು ಕುಳಿತರು. ದೊಡ್ಡ ಬಿಲ್ಲೆ ಅವಳ ಮೊಣಕೈಯ ಹತ್ತಿರ, ಚಿಕ್ಕದು ಮುಂಗೈಯ ಖಂಡದ ಮೇಲೆ. ಅಂಕಿ ಎಂಟಕ್ಕೆ ಬಂದಾಗ ಅವನು ಗುಂಡಿ ಒತ್ತಿದ. ಜೋತುಬಿದ್ದಿದ್ದ ಕೈ ತಾನಾಗಿ ಮೇಲಕ್ಕೆದ್ದು ಮತ್ತೆ ಬಿತ್ತು.

"ಯವ್ವಾ! ಯಾರೋ ಒಳಗ ಕುಂತು ಎತ್ತಿದಂಗಾತು" ಎಂದಳು ದಾನವ್ವ. ಹೆದರಿಕೆ ಹೋಗಿ ನಗು ಬಂತು. "ಇನ್ನೊಮ್ಮೆ ಮಾಡ್ರಿ."

ಹೀಗೆ ಶುರುವಾಯಿತು. ದಿನಾ ಹತ್ತು ನಿಮಿಷ ಪೆಟ್ಟಿಗೆ. ಅದಾದ ಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಮಡಿಸಿ ಬಿಡಿಸುವುದು. ಅಷ್ಟು ಹೊತ್ತು ಎದುರು ಕುಳಿತ ಮೇಲೆ ಸುಮ್ಮನಿರಲು ಆಗುವುದಿಲ್ಲ. ಶಂಕ್ರಪ್ಪ ಮೆಲ್ಲಗೆ ಮಾತಾಡಲು ಕಲಿತ. ಒಂದು ದಿನ ಗುಂಡಿಯನ್ನು ಕಟ್ ಕಡ ಕಟ್ ಎಂದು ಬೇರೆ ಲಯದಲ್ಲಿ ಒತ್ತಿದ.

"ಇದೇನ್ರಿ, ಕೈ ಕುಣ್ಯಾಕತ್ತೈತಿ?"

"ತಾರಿನ್ಯಾಗ ನಿನ್ನ ಹೆಸರು ಹಿಂಗ ಬರತೈತಿ."

"ನಿಮಗ ತಾರು ಬರತೈತಿ? ಜಾಡಿ ತೊಳ್ಯಾಂವಗ ಯಾರು ಕಲಿಸಿದ್ರು?"

"ಯಾರೂ ಕಲಿಸಿಲ್ಲ. ಹದಿನೈದು ವರ್ಷ ಮಗ್ಗಲದಾಗ ಕುಂತು ಕೇಳೇನಿ" ಎಂದ. ಈ ಸಂಗತಿ ಅವನು ಸ್ಟೇಷನ್ನಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ತನ್ನ ಗಂಡನ ಬಗ್ಗೆ ಏನೇನೂ ಗೊತ್ತಿಲ್ಲ ಅನ್ನಿಸಿತಂತೆ.

ಆದರೆ ತಿಂಗಳು ಮೀರಿದರೂ ಕೈ ತಾನಾಗಿ ಏಳಲಿಲ್ಲ. ಗುಂಡಿ ಒತ್ತಿದರೆ ಏಳುವುದು, ಬಿಟ್ಟರೆ ಬೀಳುವುದು. ಸಂಕ್ರಾಂತಿಗೆ ಬಳೆ ಕೇಳಿಕೊಂಡು ಬಂದವರು ಬರಿಗೈಯಲ್ಲಿ ಮರಳಿದರು. ದಾನವ್ವ ಸಂಜೆಗೆ ಮಲಾರದ ದಾರ ಬಿಚ್ಚಿ ಬಳೆಗಳನ್ನು ಮತ್ತೆ ಅದೇ ಕ್ರಮದಲ್ಲಿ ಪೋಣಿಸುತ್ತ ಕೂರುವಳು. ಅದನ್ನು ನೋಡಿ ಶಂಕ್ರಪ್ಪನಿಗೆ ತಡೆಯಲಾಗಲಿಲ್ಲ. ಎಂಟಕ್ಕೆ ಇಷ್ಟು ಹಾರುವ ಕೈ ಹದಿನೆಂಟಕ್ಕೆ ಎಷ್ಟು ಹಾರೀತು? ಮುಂಗೈಗೆ ಮಾತ್ರ ಯಾಕೆ, ಅಂಗೈಯ ಹಿಂದೆಯೂ ಇಟ್ಟರೆ?

ಒಂದು ಮುಂಜಾನೆ ಅವನು ಚಿಕ್ಕ ಬಿಲ್ಲೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟ, ಸೂಜಿ ಚುಚ್ಚಿದರೂ ಗೊತ್ತಾಗದ ಆ ಜಾಗದಲ್ಲಿ. ಅಂದು ತನ್ನ ಕೈಗೆ ಮೊದಲು ಇಟ್ಟುಕೊಳ್ಳಲಿಲ್ಲ. ಅಂಕಿ ಏರಿಸುತ್ತ ಹೋದ.

"ನೋವಾಗತೈತೇನು?"

"ಇಲ್ರಿ."

ಇನ್ನೂ ಏರಿಸಿದ. ಬಟ್ಟೆ ಒಣಗುತ್ತ ಬಂದದ್ದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಬೆರಳು ಅಲುಗಬಹುದೆಂದು ಗುಂಡಿ ಒತ್ತಿಯೇ ಹಿಡಿದ. "ಈಗ?" "ಏನೂ ಇಲ್ರಿ." ಬಿಲ್ಲೆ ಎತ್ತಿದಾಗ ಚರ್ಮ ಅಲ್ಲಿ ಬೆಳ್ಳಗಾಗಿತ್ತು. ಮಧ್ಯಾಹ್ನಕ್ಕೆ ಬೊಬ್ಬೆ, ಮರುದಿನಕ್ಕೆ ಬಿಲ್ಲಿಕಾಸಿನಗಲ ಹಸಿ ಹುಣ್ಣು.

ದಾನವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಓಡಾಡಿದಳು. ಅವನಿಗೆ ಕಂಡೇ ಕಂಡಿತು. ಅಂದು ಅವನು ಊಟಕ್ಕೆ ಕೂರಲಿಲ್ಲ. "ಬಿಡ್ರಿ, ನನಗ ಉರೀನ ಇಲ್ಲ" ಎಂದಳು ಅವಳು, ಸಮಾಧಾನಕ್ಕೆ. ಆ ಮಾತು ಅವನಿಗೆ ಇನ್ನೂ ಹೆಚ್ಚು ನಾಟಿತು. ಪಾಳಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಸವಣೂರಿಗೆ ನಡೆದ. ಟಾಂಗಾ ಹತ್ತಲಿಲ್ಲ.

ಗೌಸ ಡಾಕ್ಟರ ಮುಂದೆ ಪೆಟ್ಟಿಗೆ ಇಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ. "ನನ್ನ ಕೈಲೆ ಸುಟ್ಟೇನ್ರಿ. ಇದನ್ನ ಇಟಗೊಳ್ರಿ" ಎಂದ.

ಡಾಕ್ಟರು ಬಿಲ್ಲೆಯ ಬಟ್ಟೆಯನ್ನು ಬೆರಳಿನಿಂದ ತಡವಿ ನೋಡಿದರು. ಕೊನೆಗೆ ಹೇಳಿದರು: "ನೋವಿಲ್ಲ ಅಂದಾಗ ನೀ ಧೈರ್ಯ ತಗೊಂಡಿ. ಅಲ್ಲೇ ಅಂಜಬೇಕಾಗಿತ್ತು. ಎಲ್ಲೆ ಮೈಗೆ ಗೊತ್ತಾಗೂದಿಲ್ಲೋ ಅಲ್ಲೆ ಯಾರು ಬ್ಯಾಡ ಅನಬೇಕು? ಆ ಜಾಗಾಕ ಬಾಯಿ ಇಲ್ಲ. ತಪ್ಪು ನಂದೂ ಅದ. ಅಲ್ಲೆ ಇಡಬ್ಯಾಡ ಅಂತ ನಾ ಬಾಯಿಬಿಟ್ಟು ಹೇಳಬೇಕಾಗಿತ್ತು."

ಹುಣ್ಣಿಗೆ ಮಲಾಮು ಕೊಟ್ಟರು. ಪೆಟ್ಟಿಗೆಯನ್ನು ತಮ್ಮಲ್ಲೇ ಇಟ್ಟುಕೊಂಡರು. ಹುಣ್ಣು ಪೂರ್ತಿ ಮಾಯ್ದು, ಚರ್ಮ ಗಟ್ಟಿಯಾದ ಮೇಲೆ ಬಂದು ಒಯ್ಯಿ ಎಂದರು. "ಅಲ್ಲೀತನಕ ಬರೇ ಎಣ್ಣಿ, ಬರೇ ನಿನ್ನ ಕೈ. ಅದೂ ಸಣ್ಣ ಔಷಧ ಅಲ್ಲ."

ಹುಣ್ಣು ಮಾಯಲು ಐದು ವಾರ ಹಿಡಿಯಿತು. ಆ ಐದು ವಾರ ಶಂಕ್ರಪ್ಪ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳ ಬೆರಳುಗಳನ್ನು ಬಿಡಿಸಿ ಮಡಿಸಿದ. ತೆಳ್ಳಗಿನ ಬಿದಿರಿನ ದಬ್ಬೆಗೆ ಹಳೆಯ ಧೋತರದ ಬಟ್ಟೆ ಸುತ್ತಿ, ಅಂಗೈ ಜೋತುಬೀಳದಂತೆ ಆಸರೆ ಕಟ್ಟಿದ. ಮುಖ ತಗ್ಗಿಸಿಕೊಂಡೇ ಮಾಡುತ್ತಿದ್ದ. ಒಂದು ದಿನ ದಾನವ್ವ ಎಡಗೈಯಿಂದ ಅವನ ಗದ್ದ ಎತ್ತಿದಳು.

"ನೀವು ಮಾತ ಬಿಟ್ರ ನನಗ ಬ್ಯಾಸರ ಆಗತೈತಿ. ಸುಟ್ಟಿದ್ದು ಮಾಯತೈತಿ. ಮತ್ತ ಮೊದಲಿನಂಗ ಮುಗುಮ್ಮಾದ್ರ ಅದನ್ನ ಯಾವ ಡಾಕ್ಟರ ಕಡೆ ಒಯ್ಯಲಿ?"

ಅವನು ಅಂದು ಹಾವೇರಿಯ ಕಡೆಯಿಂದ ತಾರಿನಲ್ಲಿ ಬಂದ ಒಂದು ತಮಾಷೆಯ ಸುದ್ದಿ ಹೇಳಿದನಂತೆ. ಸುದ್ದಿ ಏನೆಂದು ದಾನವ್ವನಿಗೆ ನೆನಪಿರಲಿಲ್ಲ.

ಯುಗಾದಿಯ ಮುಂದೆ ಪೆಟ್ಟಿಗೆ ಮನೆಗೆ ಮರಳಿ ಬಂತು. ಈಗ ಗುಂಡಿ ಎಂಟನ್ನು ದಾಟಲಿಲ್ಲ. ಬಟ್ಟೆಯನ್ನು ನಡುನಡುವೆ ಮತ್ತೆ ನೆನೆಸುತ್ತಿದ್ದರು. ಮೊದಲು ಅವನ ಕೈ, ಆಮೇಲೆ ಅವಳದು.

ಅದಾಗಿ ಒಂದು ತಿಂಗಳಿಗೆ, ಬಿಸಿಲು ಚುರುಕಾದ ಒಂದು ದಿನ, ದಾನವ್ವ ಅಂಗಳದಲ್ಲಿ ಜೋಳ ಒಣಹಾಕಿ ಪಕ್ಕದಲ್ಲಿ ಕುಳಿತಿದ್ದಳು. ಕೈಗೆ ಆಸರೆ ಕಟ್ಟಿರಲಿಲ್ಲ. ಗುಬ್ಬಿಗಳು ಬಂದವು. ಎಡಗೈಯಲ್ಲಿ ಕಾಳು ಕೇರುವ ಮೊರ ಇತ್ತು. "ಹುಶ್" ಎಂದು ಬಲಗೈ ಬೀಸಿದಳು. ಗುಬ್ಬಿ ಹಾರಿಹೋಯಿತು. ಅವಳು ಕೈ ನೋಡಿಕೊಂಡಳು. ಅಂಗೈ ಅರ್ಧ ಬೆರಳಿನಷ್ಟು ಮೇಲೆದ್ದು ಅಲ್ಲೇ ನಡುಗುತ್ತ ನಿಂತಿತ್ತು. ಪೆಟ್ಟಿಗೆ ಒಳಗೆ ಗೂಡಿನಲ್ಲಿತ್ತು. ಗುಂಡಿ ಒತ್ತಿದವರು ಯಾರೂ ಇರಲಿಲ್ಲ.

ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಅವನು ಪಾಳಿ ಮುಗಿಸಿ ಬರುವವರೆಗೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು, ಮತ್ತೆ ಮಾಡಿದರೆ ಎಲ್ಲಿ ಮುಗಿದುಹೋಗುವುದೋ ಎಂಬಂತೆ. ಅವನು ಚಪ್ಪಲಿ ಬಿಡುತ್ತಿದ್ದಂತೆ, "ಇಲ್ಲೆ ಬರ್ರಿ, ನೋಡ್ರಿ" ಎಂದು ಕೈ ಚಾಚಿದಳು. ಕೈ ಎದ್ದಿತು. ಶಂಕ್ರಪ್ಪ ನೋಡಿದ. ಹಿತ್ತಲಿಗೆ ಹೋಗಿ, ಅದಾಗಲೇ ತೊಳೆದಿಟ್ಟಿದ್ದ ಬಿಲ್ಲೆಯ ಬಟ್ಟೆಗಳನ್ನು ಮತ್ತೊಮ್ಮೆ ತೊಳೆಯುತ್ತ ಬಹಳ ಹೊತ್ತು ಕುಳಿತ. ಅವಳು ಕರೆಯಲಿಲ್ಲ.

ಗೌಸ ಡಾಕ್ಟರು ಸೂಜಿ ಹಿಡಿದು ಮತ್ತೆ ನೋಡಿದರು. ನರ ಬರುತ್ತಿದೆ, ಇನ್ನು ಪೆಟ್ಟಿಗೆಯ ಕೆಲಸ ಕಡಿಮೆ, ನಿನ್ನ ಕೆಲಸ ಹೆಚ್ಚು ಎಂದರು. "ಖಂಡ ತಾನ ಎದ್ದು ನಿಂತ ಮ್ಯಾಲ ದೂಡಬಾರದು. ದಿನಾ ಬಳಿ ಇಡಿಸಿ ನೋಡವಾ."

ಆದರೆ ಯಾರಿಗೆ ಇಡಿಸುವುದು? ಕಲಿಯುವ ಕೈಯಿಂದ ಯಾರ ಕೈ ಗೀರುವುದಕ್ಕೂ ದಾನವ್ವನ ಮನಸ್ಸು ಒಪ್ಪಲಿಲ್ಲ. ಆಗ ಶಂಕ್ರಪ್ಪ ಅಂಗಿಯ ತೋಳು ಮಡಿಸಿ ತನ್ನ ಕೈಯನ್ನು ಅವಳ ತೊಡೆಯ ಮೇಲಿಟ್ಟ.

"ಥೂ, ಗಂಡಸ್ರಿಗೆ?"

"ಕರೆಂಟ ಮೊದಲ ನನ್ನ ಕೈಗೆ. ಬಳೀನೂ ಮೊದಲ ನನ್ನ ಕೈಗೆ."

ಇದ್ದದ್ದರಲ್ಲಿ ದೊಡ್ಡ ಅಳತೆಯ ಬಳೆ ಆರಿಸಿದರೂ ಕಂದೀಲು ಎತ್ತಿ ಎತ್ತಿ ಗಡುಸಾಗಿದ್ದ ಆ ಕೈಗೆ ಬಳೆ ಏರುವುದು ಸುಲಭವಿರಲಿಲ್ಲ. ದಿನಕ್ಕೆ ಆರೇಳು ಒಡೆಯುತ್ತಿದ್ದವು. ಅವನ ಮುಂಗೈ ತುಂಬ ಸಣ್ಣ ಸಣ್ಣ ಗೀರು. ಒಂದು ದಿನ ಎರಡು ಬಳೆ ಒಡೆಯದೆ ಗಂಟು ದಾಟಿದವು. ಇಬ್ಬರೂ ಹಿಗ್ಗಿ ನೋಡುತ್ತಿರುವಾಗಲೇ ಹೊತ್ತಿಗೆ ಮುಂಚೆ ಬಂದ ಗೂಡ್ಸ್ ಗಾಡಿಯ ಸಿಳ್ಳು ಕೇಳಿಸಿತು. ಶಂಕ್ರಪ್ಪ ಎದ್ದು ಓಡಿದ. ಹಸಿರು ನಿಶಾನೆ ಹಿಡಿದು ಕೈ ಎತ್ತಿದಾಗ ಮಣಿಕಟ್ಟಿನಲ್ಲಿ ಎರಡು ಹಸಿರು ಬಳೆ ಥಳಥಳ ಹೊಳೆದವು. ಇಂಜಿನ್ನಿನಲ್ಲಿದ್ದವನು ನೋಡಿ ಇನ್ನೊಂದು ಸಿಳ್ಳು ಹಾಕಿದ. ಸ್ಟೇಷನ್ ಮಾಸ್ತರರು ಹೊರಗೆ ಬಂದರು.

"ಶಂಕ್ರಪ್ಪ, ಇದೇನೋ ವ್ಯಾಷ?"

"ನಮ್ಮ ಮನ್ಯಾಕಿ ಕೈ ಕಲ್ಯಾಕತ್ತಾಳ್ರಿ" ಎಂದ ಶಂಕ್ರಪ್ಪ. ನಾಚಲಿಲ್ಲ. ಮಾಸ್ತರರು ನಗಬೇಕೆಂದಿದ್ದವರು ನಗದೆ ಒಳಗೆ ಹೋದರಂತೆ.

ಮೂವತ್ತೆಂಟರ ಶ್ರಾವಣಕ್ಕೆ ದಾನವ್ವ ಮತ್ತೆ ಮಲಾರ ಹೆಗಲಿಗೆ ಹಾಕಿಕೊಂಡು ಸಂತೆಗೆ ಬಂದಳು. ಹೆಬ್ಬೆರಳಿಗೆ ಮೊದಲಿನ ಬಲ ಪೂರ್ತಿ ಬರಲಿಲ್ಲ. ಹಿಡಿಯುವ ರೀತಿಯನ್ನು ಸ್ವಲ್ಪ ಬದಲಿಸಿಕೊಂಡಳು. ಮೊದಲಿಗಿಂತ ನಿಧಾನ, ಮೊದಲಿಗಿಂತ ಮೆತ್ತಗೆ. ನಾನು ಬಲ್ಲ ಕೈ ಇದೇ.

ಪೆಟ್ಟಿಗೆಯನ್ನು ಡಾಕ್ಟರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ವಯಸ್ಸಾಯಿತು, ಇದನ್ನು ಹಿಡಿಯಲು ಬಲ್ಲವರು ನೀವಿಬ್ಬರೇ, ನಾನು ಚೀಟಿ ಕೊಟ್ಟು ಕಳಿಸಿದವರಿಗೆ ಹಿಡಿಯಿರಿ ಎಂದರು. ಸುದ್ದಿ ಹಬ್ಬಿತು. ಬಂದವರಿಗಿಂತ ಹಿಂದಕ್ಕೆ ಹೋದವರೇ ಹೆಚ್ಚು. ಶಿಗ್ಗಾಂವಿಯ ಪರಮೇಶ್ವರಪ್ಪನೆಂಬ ಜಮೀನುದಾರ ಕುದುರೆ ಗಾಡಿಯಲ್ಲಿ ಬಂದು ಮೈಗೆ ಶಕ್ತಿ ಬರುವಂತೆ ಕರೆಂಟು ಕೊಡು ಎಂದ. ಕಟ್ಟೆ ಏರುವಷ್ಟರಲ್ಲಿ ಅವನಿಗೆ ಉಸಿರು ಹತ್ತಿದ್ದನ್ನು ದಾನವ್ವ ನೋಡಿದಳು.

"ಎದಿ ಡವಡವ ಅಂತೈತೇನ್ರಿ?"

"ಒಂದೀಟು. ಅದಕ್ಕ ಬಂದೇನಿ."

"ಅದಕ್ಕ ಆಗೂದಿಲ್ರಿ. ಡಾಕ್ಟರ ಕಡೆ ಎದಿ ತೋರಿಸ್ರಿ." ಅವನು ಸಿಟ್ಟಾದ. ಅವಳು ಕುಡಿಯಲು ನೀರು ಕೊಟ್ಟು ಕಳಿಸಿದಳು.

ಸ್ವಂತ ಮಗಳಿಗೂ ಇಲ್ಲವೆಂದಳು. ಶೇಖವ್ವ ಮೊದಲ ಬಾಣಂತನಕ್ಕೆ ಹಿರೇಕೆರೂರಿನಿಂದ ಬಂದಿದ್ದಾಗ ನಡುನೋವಿಗೆ ಒಮ್ಮೆ ಹಿಡಿ ಎಂದು ಅಂಗಲಾಚಿದಳು. "ಹೊಟ್ಟ್ಯಾಗಿನ ಕೂಸು ನನಗ ಹೂಂ ಅಂದಿಲ್ಲವಾ" ಎಂದು ದಾನವ್ವ ಪೆಟ್ಟಿಗೆಯನ್ನು ಅಟ್ಟದ ಮೇಲೆ ಏರಿಸಿ, ಮಗಳ ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ ಕುಳಿತಳು. ಹೆಣ್ಣು ಮಗು, ಗುಂಡಗೆ ಹುಟ್ಟಿತು.

ನಲವತ್ತೆರಡರಲ್ಲಿ ಡಾಕ್ಟರ ಚೀಟಿ ಹಿಡಿದು ಅಬಲೂರಿನ ನೀಲಪ್ಪ ಬಂದ. ಮೊಣಕಾಲಿನ ಕೆಳಗೆ ನೇಗಿಲಿನ ಕುಳ ತಗುಲಿ ಗಾಯವಾಗಿ, ಅದು ಮಾಯ್ದ ಮೇಲೆ ಪಾದ ಎತ್ತಲು ಬರದಂತಾಗಿತ್ತು. ನಡೆದರೆ ಬೆರಳು ನೆಲಕ್ಕೆ ತಾಗಿ ಎಡವುತ್ತಿದ್ದ. ಹೆಂಡತಿ ಮಾದೇವಿಯನ್ನು ಕರೆದುಕೊಂಡು ಬಂದಿದ್ದ. ಶಂಕ್ರಪ್ಪ ಮಾದೇವಿಗೆ ಮೂರು ದಿನ ಕಲಿಸಿದ. ಮೊದಲು ಅವಳ ಕೈಮೇಲೆಯೇ ಇಡಿಸಿದ. ಗೊತ್ತಾಗದ ಜಾಗವನ್ನು ಸೂಜಿಯಿಂದ ಹುಡುಕಿ ಸುತ್ತಲೂ ಇದ್ದಿಲಿನ ಗೆರೆ ಎಳೆದು, "ಇದರೊಳಗ ಬಿಲ್ಲಿ ಹೋಗಬಾರದು ತಂಗಿ" ಎಂದ. ಪೆಟ್ಟಿಗೆ ಅಬಲೂರಿಗೆ ಹೋಯಿತು.

ಎಂಟು ತಿಂಗಳು ಅವರು ತಪ್ಪದೆ ಹಿಡಿದರು. ಸೆಲ್ಲು ಮುಗಿದವು, ಯುದ್ಧದ ಕಾಲ, ಹುಬ್ಬಳ್ಳಿಯಲ್ಲೂ ಹೊಸವು ಸಿಗಲಿಲ್ಲ. ನೀಲಪ್ಪನ ಪಾದ ಏಳಲಿಲ್ಲ. ಗಾಯದಲ್ಲಿ ನರ ಪೂರ್ತಿ ಹರಿದಿತ್ತು ಎಂದು ಡಾಕ್ಟರು ಹೇಳಿ ಕಳಿಸಿದರು.

ಅದನ್ನು ಅವನಿಗೆ ತಿಳಿಸಲು ದಾನವ್ವನೇ ಅಬಲೂರಿಗೆ ಹೋದಳು. ಅವರ ಅಂಗಳದಲ್ಲಿ ಕುಳಿತು, ಸುತ್ತುಬಳಸು ಮಾಡದೆ ಹೇಳಿದಳು. "ಇದು ಬರೂದಿಲ್ಲಪಾ. ನನ್ನ ಕೈ ಬಂತು, ನಿನ್ನ ಕಾಲು ಬರಲಿಲ್ಲ. ನಾ ಹೆಚ್ಚು ಪುಣ್ಯ ಮಾಡಿಲ್ಲ, ನೀ ಕಡಿಮಿ ಮಾಡಿಲ್ಲ. ಮಾದೇವಿ ಕೈಯಾಗ ಒಂದು ತಪ್ಪು ಆಗಿಲ್ಲ, ಅದನ್ನ ತಿಳಕೋರಿ ಇಬ್ಬರೂ."

ಮಾದೇವಿ ಅತ್ತಳು. ದಾನವ್ವ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಆಮೇಲೆ ಊರಿನ ಚಮ್ಮಾರನನ್ನು ಕರೆಸಿ, ಮೊಣಕಾಲ ಕೆಳಗಿನ ಪಟ್ಟಿಯಿಂದ ಚಪ್ಪಲಿಯ ಮೂತಿಗೆ ಒಂದು ತೊಗಲಿನ ಬಾರು ಹೇಗೆ ಕಟ್ಟಿದರೆ ಪಾದ ಎತ್ತಿ ನಿಲ್ಲುತ್ತದೆ ಎಂದು ಶಂಕ್ರಪ್ಪ ಬರೆದು ಕೊಟ್ಟಿದ್ದ ಚಿತ್ರ ತೋರಿಸಿದಳು. ಮೂರು ಸಲ ಕಟ್ಟಿ ಬಿಚ್ಚಿದ ಮೇಲೆ ಅಳತೆ ಸರಿಹೋಯಿತು. ನೀಲಪ್ಪ ಅಂಗಳದ ಈ ತುದಿಯಿಂದ ಆ ತುದಿಗೆ ಎಡವದೆ ನಡೆದ. ಮುಂದಿನ ಮುಂಗಾರಿಗೆ ಬಿತ್ತಲು ತಾನೇ ಕೂರಿಗೆ ಹಿಡಿದ.

ನಾನು ಕಡೆಯ ಸಲ ಯಲವಿಗಿಗೆ ಹೋದದ್ದು ನಲವತ್ತೇಳರ ಚಳಿಗಾಲದಲ್ಲಿ. ಶಂಕ್ರಪ್ಪನಿಗೆ ಪಿಂಚಣಿಯಾಗಿತ್ತು. ಮನೆಯ ಮುಂದೆ ಚಕ್ಕಡಿ ನಿಂತಿತ್ತು. ಅಬಲೂರಿನಿಂದ ನೀಲಪ್ಪ, ಮಾದೇವಿ ಸೀತನಿ ತೆನೆ ತಂದಿದ್ದರು, ಎಳೆಯ ಜೋಳ, ಇನ್ನೂ ಹಾಲು ಆರದ್ದು. ಅಂಗಳದಲ್ಲಿ ಕೆಂಡ ಮಾಡಿ ಸುಡುತ್ತಿದ್ದರು. ಬಿಸಿ ತೆನೆಯನ್ನು ಯಾರು ತಿಕ್ಕಿ ಕಾಳು ಉದುರಿಸಬೇಕೆಂದು ಹೆಂಗಸರಿಬ್ಬರಲ್ಲಿ ಜಗಳ ನಡೆದಿತ್ತು. ನನ್ನನ್ನೂ ಕರೆದು ಕೂಡಿಸಿ ಅಂಗೈಗೆ ಒಂದು ಹಿಡಿ ಬಿಸಿ ಕಾಳು ಹಾಕಿದರು. ಶಂಕ್ರಪ್ಪ ಹೇಳುತ್ತಿದ್ದ ಯಾವುದೋ ಕಥೆ ಅರ್ಧಕ್ಕೆ ನಿಂತಿತ್ತು. "ಮುಂದ ಹೇಳ್ರಿ" ಎಂದಳು ದಾನವ್ವ.